ಕೋಳಿ ಸಾರಿನ ಹೆಸರಿನ ತಕರಾರು

ಕೋಳಿ ತುಂಡುಗಳಿಗೆ ಆಲೂಗೆಡ್ಡೆ, ಗಜ್ಜರಿ, ಈರುಳ್ಳಿ, ಬೆಳ್ಳುಳ್ಳಿ, ಸೋಯಾ ಸಾಸ್, ಮೆಣಸಿನಪುಡಿ ಹಾಗೂ ‘ಗೊಚುಜಾಂಗ್’ ಎಂಬ ಹುದುಗಿಸಿದ ಮೆಣಸಿನ ಗೊಜ್ಜು ಸೇರಿಸಿ, ನೀರೆರೆದು, ರಸ ಗಟ್ಟಿಯಾಗುವವರೆಗೆ ಬೇಯಿಸಿದರೆ ಕೊರಿಯನ್ನರ ಮನೆಯಡುಗೆ ‘ದಾಕ್‌ದೊರಿತಾಂಗ್’ ಸಿದ್ಧ. ಅಡುಗೆ ಸುಲಭ, ಹೆಸರಿನದೇ ತಕರಾರು.

‘ದಾಕ್’ ಎಂದರೆ ಕೋಳಿ, ‘ತಾಂಗ್’ ಎಂದರೆ ಸಾರು. ನಡುವಿನ ‘ದೊರಿ’ಯು ಹಕ್ಕಿ ಎಂಬರ್ಥದ ಜಪಾನಿ ‘ತೊರಿ’ಯಿಂದ ಬಂದಿದೆ ಎಂಬುದು ದಕ್ಷಿಣ ಕೊರಿಯಾದ ರಾಷ್ಟ್ರೀಯ ಭಾಷಾ ಸಂಸ್ಥೆಯ ನಿಲುವು. ಹೀಗಾಗಿ ಅದು ‘ದಾಕ್‌ಬೊಕ್ಕುಮ್‌ತಾಂಗ್’ ಎಂಬ ಹೆಸರನ್ನು ಸೂಚಿಸಿದೆ. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯೇ ಮರೆಯಾಗಿತ್ತು.

ಈ ಬದಲಾವಣೆಯನ್ನು ಒಪ್ಪದವರೂ ಇದ್ದಾರೆ. ‘ಬೊಕ್ಕುಮ್’ ಎಂದರೆ ಹುರಿದದ್ದು, ಇದಾದರೋ ಬೇಯಿಸಿದ್ದು ಎಂಬುದು ಅವರ ಆಕ್ಷೇಪ. ‘ದೊರಿ’ಯ ಮೂಲ ಕತ್ತರಿಸುವುದನ್ನು ಸೂಚಿಸುವ ಕೊರಿಯನ್ ಪದವೇ ಎಂದೂ ವಾದಿಸುತ್ತಾರೆ. 1924ರ ಕೊರಿಯನ್ ಅಡುಗೆ ಪುಸ್ತಕವೊಂದರಲ್ಲಿ ‘ದೊರಿತಾಂಗ್’ ಹೆಸರಿದೆ. ಆದರೆ ಆಗಲೂ ಇದ್ದದ್ದು ಜಪಾನಿನ ಆಳ್ವಿಕೆಯೇ. ಹಾಗಾಗಿ ಆ ಸಾಕ್ಷ್ಯದಿಂದಲೂ ವಾದ ಮುಗಿಯದು.

ಸಾರಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಅಷ್ಟು ದೂರದ ಕಾಯಿಯನ್ನು ತನ್ನದಾಗಿಸಿಕೊಂಡ ಅಡುಗೆಮನೆಗೆ ನೆರೆಮನೆಯ ಎರಡಕ್ಷರ ಭಾರವಾಗಿದೆ. ಆ ಅಕ್ಷರಗಳ ಹಿಂದಿರುವುದು ರುಚಿಯಲ್ಲ, ಆಳಿಸಿಕೊಂಡ ನೆನಪು.