ಉತ್ತರಕ್ಕೆ ಮೊದಲು ಪ್ರಶ್ನೆ: ‘ಪ್ರಾಸ್ಪೆರೊ’ ನಡೆದುಬಂದ ದಾರಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣುವನ್ನು ಗುರುತಿಸಿದರು. ಆ ಮಂಗನ ಕಾಯಿಲೆಗೆ ಬಂದ ಲಸಿಕೆ ಎಷ್ಟು ಕಾಪಾಡಿತು? 1994ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ಶೇ 93.5. 2005ರಿಂದ 2010ರವರೆಗಿನ ಮಾಹಿತಿ ಆಧರಿಸಿ 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಶೇ 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 82.9. ಕೊನೆಗೆ 2022ರಲ್ಲಿ ರಾಜ್ಯದಲ್ಲಿ ಆ ಲಸಿಕೆ ಕೊಡುವುದೇ ನಿಂತಿತು.

ಇಂಥ ಬೇರೆ ಬೇರೆ ಅಧ್ಯಯನಗಳನ್ನು ಹುಡುಕಿ, ಒಟ್ಟಿಗಿಟ್ಟು ತೂಗುವ ಬರಹವೇ ಸಿಸ್ಟಮ್ಯಾಟಿಕ್ ರಿವ್ಯೂ. ಯಾವ ಅಧ್ಯಯನವನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು? ಒಂದು ಡೋಸ್ ಲೆಕ್ಕಕ್ಕೋ, ಎರಡೋ? ಅಂಕಿಗಳನ್ನು ನೋಡಿದ ಮೇಲೆ ಇವನ್ನು ತೀರ್ಮಾನಿಸಿದರೆ ಬೇಕಾದ ಉತ್ತರಕ್ಕೆ ತಕ್ಕ ದಾರಿ ಸಿಕ್ಕೇ ಸಿಗುತ್ತದೆ. ಅದಕ್ಕೆ ಕೆಟ್ಟ ಉದ್ದೇಶವೇನೂ ಬೇಕಿಲ್ಲ, ತನ್ನ ಊಹೆ ನಿಜವಾಗಲೆಂಬ ಆಸೆ ಸಾಕು.

ಈ ಆಸೆಗೆ ಕಡಿವಾಣ ಹಾಕಲು ಹುಟ್ಟಿದ್ದು ‘ಪ್ರಾಸ್ಪೆರೊ’. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ರಿವ್ಯೂ ಕೇಂದ್ರ 1994ರಲ್ಲಿ ಶುರುವಾಗಿತ್ತು. ಅದೇ ಕೇಂದ್ರ 2011ರ ಫೆಬ್ರುವರಿ 22ರಂದು ಈ ನೋಂದಣಿ ವ್ಯವಸ್ಥೆಯನ್ನು ತೆರೆಯಿತು. ಪ್ರಶ್ನೆ ಏನು, ಎಲ್ಲೆಲ್ಲಿ ಹುಡುಕುತ್ತೀರಿ, ಯಾವ ಅಧ್ಯಯನಕ್ಕೆ ಪ್ರವೇಶ, ಮುಖ್ಯ ಫಲಿತಾಂಶ ಯಾವುದು ಎಂಬುದನ್ನೆಲ್ಲ ಮೊದಲೇ ಬರೆದುಕೊಡಬೇಕು. ಶುಲ್ಕವಿಲ್ಲ. ‘ಸಿಆರ್‌ಡಿ42’ ಎಂದು ಶುರುವಾಗುವ ಸಂಖ್ಯೆಯೊಂದು ಸಿಗುತ್ತದೆ. ಯೋಜನೆಯನ್ನು ಆಮೇಲೆ ಬದಲಿಸಬಾರದೆಂದಿಲ್ಲ. ಆದರೆ ಹಳೆಯ ಪ್ರತಿ ತಾರೀಕಿನ ಸಮೇತ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ಇಲ್ಲಿಯೇ. 2018ರ ಹೊತ್ತಿಗೆ ನೋಂದಣಿಗಳು 30 ಸಾವಿರ ದಾಟಿದ್ದವು. 2019ರ ಅಕ್ಟೋಬರಿನಿಂದ ನಿಯಮ ಬಿಗಿಯಾಯಿತು: ಅಧ್ಯಯನಗಳಿಂದ ಮಾಹಿತಿ ತೆಗೆಯಲು ಶುರುಮಾಡುವ ಮೊದಲೇ ನೋಂದಾಯಿಸಬೇಕು. ಮರುವರ್ಷವೇ ಕೋವಿಡ್ ರಿವ್ಯೂಗಳ ಪ್ರವಾಹ ಬಂತು, ಒಂದೇ ಪ್ರಶ್ನೆಯನ್ನು ಹಲವು ತಂಡಗಳು ಎತ್ತಿಕೊಂಡವು.

ಈ ದಾರಿಯನ್ನು ಮೊದಲು ಸವೆಸಿದ್ದು ಔಷಧ ಪ್ರಯೋಗಗಳ ನೋಂದಣಿ. ನೋಂದಾಯಿಸದ ಪ್ರಯೋಗವನ್ನು ಅಚ್ಚು ಹಾಕುವುದಿಲ್ಲವೆಂದು ದೊಡ್ಡ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2004ರಲ್ಲಿ ಘೋಷಿಸಿದರು. ನಮ್ಮ ದೇಶದ ನೋಂದಣಿ ಸಂಸ್ಥೆ ಸಿಟಿಆರ್‌ಐ 2007ರ ಜುಲೈ 20ರಂದು ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ಪ್ರಯೋಗಗಳಿಗೆ ನೋಂದಣಿ ಕಡ್ಡಾಯವಾಯಿತಾದರೂ, ಪ್ರಯೋಗ ಶುರುವಾದ ಮೇಲೂ ನೋಂದಾಯಿಸುವ ಅವಕಾಶ ಉಳಿದಿತ್ತು. 2018ರ ಏಪ್ರಿಲ್ 1ರಂದು ಆ ಬಾಗಿಲು ಮುಚ್ಚಿತು. ಕಡ್ಡಾಯವಾದ ದಿನಕ್ಕಿಂತ ಈ ದಿನವೇ ದೊಡ್ಡದೆಂದು ನಾನು ಎಣಿಸುತ್ತೇನೆ.

ಶಿವಮೊಗ್ಗದ ವೈದ್ಯಕೀಯ ಕಾಲೇಜು ಸಿಮ್ಸ್‌ನ ಪಿಜಿ ವಿದ್ಯಾರ್ಥಿಗಳಿಗೆ ಈ ಶಿಸ್ತು ತೀರ ಹೊಸದೇನಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಪ್ರಬಂಧದ ಸಿನಾಪ್ಸಿಸ್ ಕೊಡುವುದು ಅವರಿಗೆಲ್ಲ ಗೊತ್ತಿರುವ ಕೆಲಸ. ಆದರೆ ಸಿನಾಪ್ಸಿಸ್ ಕಡತದೊಳಗೆ ಮಲಗುತ್ತದೆ, ನೋಂದಣಿ ಊರೆಲ್ಲ ನೋಡುವಂತೆ ನಿಲ್ಲುತ್ತದೆ. ಹಾಗೆಂದು ಸಂಖ್ಯೆ ಸಿಕ್ಕಿದೊಡನೆ ರಿವ್ಯೂ ಒಳ್ಳೆಯದಾಗಿಬಿಡುವುದಿಲ್ಲ. ಪ್ರಾಸ್ಪೆರೊ ಗುಣಮಟ್ಟಕ್ಕೆ ಮುದ್ರೆ ಒತ್ತುವುದಿಲ್ಲ. ಪ್ರಕಟವಾದ ಬರಹವನ್ನು ನೋಂದಣಿಯ ಪಕ್ಕದಲ್ಲಿಟ್ಟು ಓದುವವರು ಬೇಕು. ಓದುವವರಿಲ್ಲದಿದ್ದರೆ ಆ ಸಂಖ್ಯೆ ಬರೀ ಅಲಂಕಾರ.

ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಮಂಗನ ಕಾಯಿಲೆ ಜೀವಗಳನ್ನು ತೆಗೆದುಕೊಂಡಿತು. ಹಳೆಯ ಲಸಿಕೆಗೆ ತೋಳೊಡ್ಡಿದವರು ಮಲೆನಾಡಿನ ಕೂಲಿಕಾರರು, ರೈತರು, ಸೌದೆ ತರಲು ಕಾಡಿಗೆ ಹೋಗುವ ಹೆಂಗಸರು. ನಾಳೆ ಹೊಸ ಲಸಿಕೆ ಬಂದಾಗಲೂ ಅವರೇ ತೋಳೊಡ್ಡಬೇಕು. ಅವರ ಮುಂದೆ ಇಡುವ ಅಂಕಿ, ಪ್ರಶ್ನೆಯನ್ನು ಮೊದಲೇ ಬಹಿರಂಗವಾಗಿ ಬರೆದಿಟ್ಟು ಪಡೆದ ಅಂಕಿಯಾಗಿರಬೇಕು. ಮೆಗ್ಗಾನ್ ಆಸ್ಪತ್ರೆಯ ವೈದ್ಯರು, ಶಿವಮೊಗ್ಗದ ಆಯುರ್ವೇದ ಕಾಲೇಜುಗಳ ಅಧ್ಯಾಪಕರು, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು, ಎಲ್ಲರಲ್ಲೂ ಒಂದು ವಿನಂತಿ: ಮುಂದಿನ ರಿವ್ಯೂಗೆ ಕೈಹಾಕುವ ಮುನ್ನ ಅದೇ ಪ್ರಶ್ನೆಯನ್ನು ಬೇರೆಯವರು ಎತ್ತಿಕೊಂಡಿದ್ದಾರೆಯೇ ಎಂದು ಪ್ರಾಸ್ಪೆರೊದಲ್ಲಿ ಹುಡುಕಿ, ಇಲ್ಲವಾದರೆ ನಿಮ್ಮ ಯೋಜನೆಯನ್ನು ಅಲ್ಲಿ ನೋಂದಾಯಿಸಿ, ಆಮೇಲೆ ಶುರುಮಾಡಿ.