ಕೆರೆಯ ನೀರು ಮತ್ತು ವಿದ್ಯುತ್ತಿನ ನೂಲು



ಶಿಕಾರಿಪುರ, ಸೊರಬ ಎಂದರೆ ಕೆರೆಗಳ ಸೀಮೆ. ಕದಂಬರ ದೊರೆ ಕಾಕುತ್ಸ್ಥವರ್ಮನು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು 5ನೇ ಶತಮಾನದ ಸ್ತಂಭ ಶಾಸನ ದಾಖಲಿಸಿದೆ. ಕೆರೆ ಕಟ್ಟಿಸಿದವರು ಯಾರೆಂದು ಕಲ್ಲು ಹೇಳುತ್ತದೆ. ಆದರೆ ನೀರಿನಲ್ಲಿ ಏನು ಸೇರಿದೆ ಎಂದು ಹೇಳುವವರು ಯಾರು?

ಈ ಪ್ರಶ್ನೆ ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಒಮ್ಮೆ ಬಹಳ ನೋವಿನಿಂದ ಎದ್ದಿತ್ತು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ಕೀಲು ನೊಂದು ನಡೆಯಲಾರದಂತಾಗುವ ಕಾಯಿಲೆ ಬೆಳಕಿಗೆ ಬಂತು. ಭತ್ತದ ಗದ್ದೆಗೆ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ. ಆ ಗದ್ದೆಯ ಏಡಿಗಳನ್ನು ತಿಂದದ್ದರಿಂದಲೇ ಹೀಗಾಯಿತೆಂಬ ಸಂಶಯ ಹುಟ್ಟಿತು. ಮುಂದಿನ ಅಧ್ಯಯನಗಳು ಇದನ್ನು ವಂಶಪಾರಂಪರ್ಯವಾಗಿ ಬರುವ ಎಲುಬು-ಕೀಲುಗಳ ಕಾಯಿಲೆಯೆಂದು ಗುರುತಿಸಿದವು. ಆದರೆ ಒಂದು ಪಾಠ ಉಳಿಯಿತು: ವಿಷವನ್ನು ದೂರಬೇಕಾದರೂ, ದೂರಿನಿಂದ ಬಿಡಬೇಕಾದರೂ ಅಳತೆ ಬೇಕು.

ಅಳೆಯುವುದು ಸುಲಭವೇ? ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕಕ್ಕೆ ಯೂರೋಪಿನ ದೇಶಗಳು ವಿಧಿಸಿರುವ ಸಾಮಾನ್ಯ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ. ಅಂದರೆ ಒಂದು ಕೋಟಿ ಲೀಟರ್ ನೀರಿಗೆ ಒಂದು ಗ್ರಾಂ! ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಇಂಥ ಅಲ್ಪಾಂಶಗಳನ್ನೂ ಗುರುತಿಸಬಲ್ಲದಾಗಿತ್ತು. ಆದರೆ ಯಾವ ಯಂತ್ರಕ್ಕೂ ಕೆರೆಯ ನೀರನ್ನು ಹಾಗೆಯೇ ಕೊಡಲಾಗದು. ಅದರಲ್ಲಿ ಮಣ್ಣಿದೆ, ಪಾಚಿಯಿದೆ, ಕೊಳೆತ ಎಲೆಯ ರಸವಿದೆ. ಬೇಕಾದದ್ದನ್ನು ಮೊದಲು ಬೇರ್ಪಡಿಸಿ, ಸಾಂದ್ರಗೊಳಿಸಬೇಕು. ಇದೇ ಮಾದರಿಯ ಸಿದ್ಧತೆ.

ನಾನು ಬಿ.ಎಸ್ಸಿ. ಓದುವಾಗ ನಲ್ಲಿಯಿರುವ ಗಾಜಿನ ಫನಲ್‌ನಲ್ಲಿ ನೀರು ಮತ್ತು ದ್ರಾವಕವನ್ನು ಕೈ ಸೋಲುವವರೆಗೆ ಕುಲುಕುತ್ತಿದ್ದೆವು. ಪದರಗಳು ಬೇರೆಯಾಗಲು ಕಾಯಬೇಕಿತ್ತು. ದ್ರಾವಕ ಹೆಚ್ಚು ಖರ್ಚಾಗುತ್ತಿತ್ತು, ಅದರ ಘಾಟು ತಲೆಗೇರುತ್ತಿತ್ತು. 1970ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಸಣ್ಣ ಕೊಳವೆಗಳು ಈ ಕಷ್ಟವನ್ನು ತಗ್ಗಿಸಿದವು. ಕೊಳವೆಯೊಳಗಿನ ಘನ ಪುಡಿಯ ಮೂಲಕ ನೀರು ಹಾಯುವಾಗ ಕೀಟನಾಶಕದ ಅಣುಗಳು ಪುಡಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಸ್ವಲ್ಪ ದ್ರಾವಕದಿಂದ ಅವನ್ನು ತೊಳೆದು ತೆಗೆಯುತ್ತಾರೆ. ಒಂದು ಲೀಟರ್ ನೀರಿನಲ್ಲಿದ್ದುದೆಲ್ಲ ಒಂದು ಮಿಲಿಲೀಟರ್ ದ್ರಾವಕಕ್ಕೆ ಬಂದರೆ ಸಾಂದ್ರತೆ ಸಾವಿರ ಪಟ್ಟು ಏರಿದಂತೆ. ಇದಕ್ಕೆ ಸಾಲಿಡ್ ಫೇಸ್ ಎಕ್ಸ್‌ಟ್ರಾಕ್ಷನ್ ಎಂದು ಹೆಸರು.

ಈ ಪುಡಿಯ ಬದಲು ನವಿರಾದ ನೂಲನ್ನು ಬಳಸಿದರೆ? ಆ ನೂಲಿನ ಕಥೆ ಇನ್ನೂ ಹಳೆಯದು. ಉಜ್ಜಿದ ಅಂಬರನ್ನು ಹತ್ತಿರ ತಂದಾಗ ನೀರಿನ ಹನಿ ಶಂಕುವಿನಂತೆ ಚೂಪಾಗುವುದನ್ನು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ 1600ರಲ್ಲೇ ಬರೆದಿದ್ದ. ವಿದ್ಯುತ್ತಿನಿಂದ ಎಳೆ ತೆಗೆಯುವ ಉಪಾಯಕ್ಕೆ 1902ರಲ್ಲಿ ಜಾನ್ ಕೂಲಿ, 1934ರಲ್ಲಿ ಆಂಟನ್ ಫಾರ್ಮಾಲ್ಸ್ ಪೇಟೆಂಟ್ ಪಡೆದರು. ಆ ಶಂಕುವಿನ ಗಣಿತವನ್ನು ಜೆಫ್ರಿ ಟೇಲರ್ 1964ರಲ್ಲಿ ವಿವರಿಸಿದರು. 1990ರ ದಶಕದಲ್ಲಿ ಅಮೆರಿಕದ ಡ್ಯಾರೆಲ್ ರೆನೆಕರ್ ಮತ್ತು ಸಂಗಡಿಗರು ಈ ವಿದ್ಯೆಗೆ ಮರುಜೀವ ಕೊಟ್ಟರು.

ವಿಧಾನ ಸರಳ. ಸಿರಿಂಜಿನಲ್ಲಿ ಪಾಲಿಮರ್ ದ್ರಾವಣ ತುಂಬಿ, ಸೂಜಿಗೆ ಹತ್ತಾರು ಸಾವಿರ ವೋಲ್ಟ್ ಕೊಡುತ್ತಾರೆ. ತುದಿಯ ಹನಿ ಶಂಕುವಾಗಿ, ಅದರಿಂದ ಸಣ್ಣ ಧಾರೆ ಚಿಮ್ಮುತ್ತದೆ. ಹಾರುತ್ತಲೇ ದ್ರಾವಕ ಆವಿಯಾಗಿ, ಒಣಗಿದ ಎಳೆಗಳು ಎದುರಿನ ಲೋಹದ ತಟ್ಟೆಯ ಮೇಲೆ ಹಾಸಿಕೊಳ್ಳುತ್ತವೆ. ಒಂದು ಎಳೆಯ ದಪ್ಪ ಕೆಲವು ನೂರು ನ್ಯಾನೊಮೀಟರ್, ನಮ್ಮ ತಲೆಗೂದಲಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಎಳೆ ಸಣ್ಣದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಹೆಚ್ಚು. ಹಾಗಾಗಿ ನೂರಾರು ಮಿಲಿಗ್ರಾಂ ಪುಡಿಯ ಕೆಲಸವನ್ನು ಕೆಲವೇ ಮಿಲಿಗ್ರಾಂ ನೂಲಿನಿಂದ, ಇನ್ನೂ ಕಡಿಮೆ ದ್ರಾವಕದಲ್ಲಿ ಮಾಡಲು ಸಾಧ್ಯ. 2000ದ ದಶಕದಿಂದ ಈ ದಿಕ್ಕಿನಲ್ಲಿ ಸಂಶೋಧನೆ ನಡೆದಿದೆ. ತೊಡಕುಗಳೂ ಉಂಟು: ಕೆಸರು ನೀರಿಗೆ ನೂಲಿನ ಹಾಸು ಕಟ್ಟಿಕೊಳ್ಳುತ್ತದೆ, ಒತ್ತಡಕ್ಕೆ ಕುಗ್ಗುತ್ತದೆ, ಪ್ರತಿ ಸಲವೂ ಒಂದೇ ಸಮನಾಗಿ ನೂಲುವುದು ಕಷ್ಟ.

ಯಂತ್ರ ಕೊಡುವ ಅಂಕಿಯನ್ನು ನಾವು ನಂಬುತ್ತೇವೆ. ಆದರೆ ಸಿದ್ಧತೆಯಲ್ಲೇ ವಿಷದ ಅರ್ಧ ಭಾಗ ಕಳೆದುಹೋಗಿದ್ದರೆ, ಯಂತ್ರ ಎಷ್ಟೇ ಒಳ್ಳೆಯದಾದರೂ ಅದರ ಸಾಕ್ಷಿ ಸುಳ್ಳೇ. ಕಾಯಿಲೆ ಬಿದ್ದ ಊರಿಗೆ ಕೊಡಬೇಕಾದದ್ದು ಊಹೆಯಲ್ಲ, ಉತ್ತರ. ಆ ಉತ್ತರ ಆರಂಭವಾಗುವುದು ಕೆರೆಯ ದಂಡೆಯಲ್ಲಿ ಶುದ್ಧವಾದ ಸೀಸೆಗೆ ನೀರು ತುಂಬಿ, ದಿನ ಮತ್ತು ಸ್ಥಳವನ್ನು ಬರೆದಿಡುವ ಕೈಯಿಂದ. ಆ ಕೈ ನಾಳೆ ನಿಮ್ಮದೂ ಆಗಬಹುದು.