ಮುದಿ ಗೆಲಾಕ್ಸಿಗಳಲ್ಲಿ ಎಳೆಯ ತಾರೆಗಳು

ಅಂಡಾಕಾರದ ಗೆಲಾಕ್ಸಿಗಳು ಮುದಿ ತಾರೆಗಳ ಊರು, ಅಲ್ಲಿ ಇನ್ನು ತೊಟ್ಟಿಲು ಕಟ್ಟುವ ಮಾತಿಲ್ಲ ಎಂದು ತರಗತಿಯಲ್ಲಿ ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಅದು ಪೂರ್ಣಸತ್ಯವಲ್ಲವೆಂದು ಒಪ್ಪಿಕೊಳ್ಳಲೆಂದೇ ಈ ಹೊತ್ತಿನ ಮಾತು.

1926ರಲ್ಲಿ ಅಮೆರಿಕದ ಎಡ್ವಿನ್ ಹಬಲ್ ಗೆಲಾಕ್ಸಿಗಳನ್ನು ಆಕಾರಕ್ಕನುಸಾರವಾಗಿ ಸಾಲುಗೂಡಿಸಿದರು. ನುಣುಪಾದ ಅಂಡಾಕಾರದವು ಮೊದಲು, ತೋಳು ಬಿಚ್ಚಿದ ಸುರುಳಿಗಳು ಅನಂತರ. ಮೊದಲಿನವು ‘ಪೂರ್ವವರ್ಗ’ ಎನಿಸಿದವು; ಮುಂದೆ ಮಸೂರಾಕಾರದವೂ ಅವುಗಳ ಜತೆಗೆ ಸೇರಿದವು. ಈ ಹೆಸರು ಸಾಲಿನಲ್ಲಿಯ ಸ್ಥಾನವನ್ನಷ್ಟೇ ಹೇಳುತ್ತದೆ, ವಯಸ್ಸನ್ನಲ್ಲ ಎಂದು ಹಬಲ್ಲರೇ ಎಚ್ಚರಿಸಿದ್ದರು.

ವಯಸ್ಸಿನ ಸುಳಿವು ಸಿಕ್ಕಿದ್ದು ಯುದ್ಧಕಾಲದಲ್ಲಿ. ಲಾಸ್ ಏಂಜಲೀಸ್ ನಗರದ ದೀಪಗಳು ಮಂಕಾಗಿದ್ದ ಆ ರಾತ್ರಿಗಳಲ್ಲಿ ವಾಲ್ಟರ್ ಬಾಡೆ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ಆಂಡ್ರೊಮಿಡದ ಎರಡು ಅಂಡಾಕಾರದ ಸಂಗಾತಿಗಳನ್ನು ಬಿಡಿಬಿಡಿ ಕೆಂಪು ತಾರೆಗಳಾಗಿ ಕಂಡರು. 1944ರಲ್ಲಿ ಪ್ರಕಟವಾದ ಈ ಶೋಧದಿಂದ, ಇವು ಹಳೆಯ ತಾರೆಗಳ ನೆಲೆಯೆಂಬ ನಂಬಿಕೆ ಬೇರೂರಿತು.

ತಾರೆ ಹುಟ್ಟಬೇಕಾದರೆ ಅನಿಲ ತನ್ನ ಭಾರಕ್ಕೆ ತಾನೇ ಕುಸಿಯಬೇಕು. ಅದಕ್ಕೆ ಅದು ತಣ್ಣಗಿರಬೇಕು. 1978ರಲ್ಲಿ ಕಕ್ಷೆಗೇರಿದ ಐನ್‌ಸ್ಟೈನ್ ವೀಕ್ಷಣಾಲಯಕ್ಕೆ ದೊಡ್ಡ ಅಂಡಾಕಾರದ ಗೆಲಾಕ್ಸಿಗಳಲ್ಲಿ ಕಂಡದ್ದಾದರೋ ಕೋಟಿ ಡಿಗ್ರಿಯ ಆಸುಪಾಸಿನ ಬಿಸಿ ಅನಿಲ. ತೀರ್ಪು ಗಟ್ಟಿಯಾದಂತೆಯೇ ತೋರಿತು.

ಆದರೆ ತಣ್ಣನೆಯ ಹೈಡ್ರೊಜನ್ ಅಣು ಬಹುಮಟ್ಟಿಗೆ ಮೌನಿ. ಅದರ ಜತೆಗಿರುವ ಇಂಗಾಲದ ಮೊನಾಕ್ಸೈಡ್ ಮಾತ್ರ 2.6 ಮಿಲಿಮೀಟರ್ ಅಲೆಯಲ್ಲಿ ನುಡಿಯುತ್ತದೆ. ಅಂತರಿಕ್ಷದಲ್ಲಿ ಈ ನುಡಿಯನ್ನು ಮೊದಲು ಕೇಳಿದ್ದು 1970ರಲ್ಲಿ, ಒರಾಯನ್ ನೀಹಾರಿಕೆಯಿಂದ. ಮುಂದೆ ಸ್ಪೇನಿನ ಪೀಕೊ ವೆಲೆಟಾ ಬೆಟ್ಟದ 30 ಮೀಟರ್ ದೂರದರ್ಶಕ ಇದಕ್ಕೇ ಕಿವಿಗೊಟ್ಟಿತು. 2011ರಲ್ಲಿ ಫಲಿತಾಂಶ ಹೊರಬಿತ್ತು: ನಮಗೆ ಸಮೀಪದ 259 ಪೂರ್ವವರ್ಗದ ಗೆಲಾಕ್ಸಿಗಳಲ್ಲಿ 56ರಲ್ಲಿ, ಅಂದರೆ ಶೇಕಡ 22ರಷ್ಟರಲ್ಲಿ, ತಣ್ಣನೆಯ ಅನಿಲವಿತ್ತು. ಕೆಲವುಗಳಲ್ಲಿ ಅನಿಲ ಸುತ್ತುವ ದಿಕ್ಕೇ ಬೇರೆ, ತಾರೆಗಳು ಸುತ್ತುವ ದಿಕ್ಕೇ ಬೇರೆ. ಮನೆಯಲ್ಲೇ ಹುಟ್ಟಿದ್ದಾಗಿದ್ದರೆ ಅದು ಮನೆಯವರೊಡನೆ ಸುತ್ತಬೇಕಿತ್ತು. ಆದ್ದರಿಂದ ಹೊರಗಿನಿಂದ ಬಂದದ್ದೆಂದು, ಬಹುಶಃ ನುಂಗಿದ ಚಿಕ್ಕ ಗೆಲಾಕ್ಸಿಯ ಆಸ್ತಿಯೆಂದು, ಊಹಿಸಬೇಕಾಗುತ್ತದೆ. 2003ರಲ್ಲಿ ಹಾರಿದ ಗೇಲೆಕ್ಸ್ ಉಪಗ್ರಹ ಇಂಥ ಹಲವು ಗೆಲಾಕ್ಸಿಗಳಲ್ಲಿ ಎಳೆಯ ತಾರೆಗಳ ನೇರಳಾತೀತ ಬೆಳಕನ್ನು ಆಗಲೇ ಗುರುತಿಸಿತ್ತು.

ಬಾಡೆ ಕಂಡದ್ದು ಸುಳ್ಳಾಗಲಿಲ್ಲ. ಈ ಊರುಗಳಲ್ಲಿ ಇಂದಿಗೂ ಮುದುಕರೇ ಹೆಚ್ಚು. ಆದರೆ ಸರಿಸುಮಾರು ಐದು ಊರುಗಳಿಗೊಂದರಲ್ಲಿ ತೊಟ್ಟಿಲಿಗೆ ಬೇಕಾದ ಸಾಮಗ್ರಿ ಇನ್ನೂ ಉಳಿದಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ, ತಮ್ಮ ಟಿಪ್ಪಣಿಯಲ್ಲಿ ಆ ಒಂದು ವಾಕ್ಯವನ್ನು ದಯವಿಟ್ಟು ತಿದ್ದಿಕೊಳ್ಳಲಿ.